ಬೇಳೆ ಬೇಯದ ನೀರು, ಬಟ್ಟೆ ಒಗೆಯುವ ಯಂತ್ರ

ಮುಂಬಾಗಿಲ ವಾಷಿಂಗ್ ಮೆಷಿನ್ನಿನ ತಳದಲ್ಲಿ, ಡ್ರಮ್ಮಿನ ಕೆಳಗೆ, ಕಣ್ಣಿಗೆ ಬೀಳದ ಜಾಗದಲ್ಲಿ ಬಾಗಿದ ಒಂದು ಲೋಹದ ಕಡ್ಡಿ ಇರುತ್ತದೆ. ಅದು ನೀರು ಕಾಯಿಸುವ ಹೀಟರ್. ರಿಪೇರಿಯವರು ಅದನ್ನು ಹೊರಗೆಳೆದಾಗ ಕೆಲವು ಮನೆಗಳಲ್ಲಿ ವರ್ಷಗಟ್ಟಲೆ ದುಡಿದ ಮೇಲೂ ಹೊಸದರಂತೆ ಇರುತ್ತದೆ. ಕೆಲವು ಮನೆಗಳಲ್ಲಿ ಅಷ್ಟು ಕಾಲ ಬೇಕಾಗುವುದೇ ಇಲ್ಲ; ಸಕ್ಕರೆ ಪಾಕ ಹತ್ತಿ ಒಣಗಿದ ಕೋಡುಬಳೆಯಂತೆ ಸುತ್ತಲೂ ಬಿಳಿ ಹಕ್ಕಳೆ ಕಟ್ಟಿರುತ್ತದೆ. ಎರಡೂ ಮನೆಯಲ್ಲಿ ಮೆಷಿನ್ ಒಂದೇ ಕಂಪನಿಯದು, ಹಾಕುವ ಪುಡಿಯೂ ಒಂದೇ. ಬೇರೆಯಾಗಿರುವುದು ನೀರು.

ಈ ಹಕ್ಕಳೆ ಯಾರಿಗೂ ಹೊಸದಲ್ಲ. ಬಚ್ಚಲುಮನೆಯ ಹಂಡೆಯ ಒಳಮೈಯಲ್ಲಿ, ಗೀಸರಿನ ಕಾಯಿಲ್ ಮೇಲೆ, ದಿನಾ ನೀರು ಕುದಿಸುವ ಪಾತ್ರೆಯ ತಳದಲ್ಲಿ ಅದನ್ನು ಎಲ್ಲರೂ ಕಂಡಿದ್ದಾರೆ. ಬಯಲುಸೀಮೆಯ ಅಡುಗೆಮನೆಗಳಲ್ಲಿ ಇದರ ಜೊತೆಗೇ ಇನ್ನೊಂದು ಮಾತು ಕೇಳಿಬರುತ್ತದೆ: ‘ಈ ನೀರಲ್ಲಿ ಬೇಳೆ ಬೇಯಲ್ಲ.’ ಬೇಳೆ ಬೇಯದಿರುವುದು, ಸೋಪು ನೊರೆ ಬಿಡದಿರುವುದು, ಟವೆಲ್ಲು ಒಣಗಿದ ಮೇಲೆ ಹಪ್ಪಳದಂತೆ ಬಿರುಸಾಗುವುದು, ಹೀಟರ್ ಸುಟ್ಟುಹೋಗುವುದು ನಾಲ್ಕು ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ. ಮೂಲ ಒಂದೇ.

ಅರವತ್ತು ಕಿಲೋಮೀಟರಿನಲ್ಲಿ ಬದಲಾಗುವ ನೀರು

ಬೇಲೂರಿನಿಂದ ಹಳೇಬೀಡು, ಜಾವಗಲ್, ಬಾಣಾವರದ ಮೇಲೆ ಅರಸೀಕೆರೆಗೆ ಸುಮಾರು 60 ಕಿ.ಮೀ. ಬೇಲೂರು ಮಲೆನಾಡಿನ ಸೆರಗಿನಲ್ಲಿದೆ. ಪಕ್ಕದಲ್ಲೇ ಯಗಚಿ ಹೊಳೆ ಹರಿದು ಮುಂದೆ ಹೇಮಾವತಿಯನ್ನು ಸೇರುತ್ತದೆ. ಪೂರ್ವಕ್ಕೆ ಸಾಗಿದಂತೆ ಕಾಫಿ ತೋಟ ಹಿಂದೆ ಸರಿದು ರಾಗಿ ಹೊಲ, ತೆಂಗಿನ ತೋಟ ಮುಂದೆ ಬರುತ್ತವೆ. ಮಳೆ ಇಳಿಮುಖವಾಗುತ್ತದೆ, ಬೋರ್‌ವೆಲ್ಲುಗಳ ಆಳ ಹೆಚ್ಚುತ್ತದೆ. ಅರಸೀಕೆರೆ ತಲಪುವ ಹೊತ್ತಿಗೆ ಪೂರ್ತಿ ಬಯಲುಸೀಮೆ. ಒಂದೇ ಜಿಲ್ಲೆಯೊಳಗೆ, ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟು ಹೊತ್ತಿನಲ್ಲಿ, ನೀರಿನ ಸ್ವಭಾವ ಇಷ್ಟು ಬದಲಾಗುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ.

ಆಕಾಶದಿಂದ ಬೀಳುವಾಗ ಮಳೆನೀರಿನಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಮಣ್ಣಿಗಿಳಿದ ಮೇಲೆ ಬೇರುಗಳು, ಸೂಕ್ಷ್ಮಜೀವಿಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಅದರೊಳಗೆ ಸೇರುತ್ತದೆ. ನೀರು ಆಗ ತೀರಾ ತೆಳುವಾದ ಸೋಡಾದಂತೆ, ನಾಲಿಗೆಗೆ ತಿಳಿಯದಷ್ಟು ಹುಳಿಯಾಗುತ್ತದೆ. ಆ ಹುಳಿನೀರು ಬಂಡೆಯ ಬಿರುಕುಗಳಲ್ಲಿ ಇಳಿಯುತ್ತ ಕಲ್ಲಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕೊಂಚಕೊಂಚವೇ ಕೆರೆದುಕೊಳ್ಳುತ್ತದೆ. ಬಂದ ಮಳೆ ಬೇಗ ಹರಿದು ಹೊಳೆ ಸೇರಿದರೆ ಕೆರೆದುಕೊಳ್ಳಲು ಸಮಯವೇ ಸಿಗದು. ನೂರಾರು ಅಡಿ ಆಳದ ಬಿರುಕಿನಲ್ಲಿ ವರ್ಷಗಟ್ಟಲೆ ಕೂತ ನೀರಿಗೆ ಬೇಕಾದಷ್ಟು ಸಮಯ. ಮಳೆ ಕಡಿಮೆಯಿರುವ ಕಡೆ ಮೇಲ್ಮಣ್ಣಿನ ನೀರು ಆವಿಯಾಗಿ, ಹಿಂದೆ ಉಳಿದ ಸುಣ್ಣ ಮಣ್ಣೊಳಗೇ ಹರಳುಗಟ್ಟುತ್ತದೆ. ಬಯಲುಸೀಮೆಯಲ್ಲಿ ಬಾವಿ ತೋಡುವಾಗ ಸಿಗುವ ಬಿಳಿ ಸುಣ್ಣದ ಹರಳುಗಳು ಇವೇ. ಮುಂದಿನ ಮಳೆಯ ನೀರು ಇಳಿಯುವಾಗ ಅವುಗಳಿಂದಲೂ ಒಂದಿಷ್ಟನ್ನು ಹೊತ್ತೊಯ್ಯುತ್ತದೆ.

ಎಲ್ಲ ಕಲ್ಲೂ ಒಂದೇ ಸಮ ಬಿಟ್ಟುಕೊಡುವುದಿಲ್ಲ ಎನ್ನುವುದಕ್ಕೆ ಸಾಕ್ಷಿ ಹಳೇಬೀಡಿನಲ್ಲೇ ಇದೆ. ಹೊಯ್ಸಳೇಶ್ವರ ದೇವಾಲಯದ ಬಳಪದ ಕಲ್ಲಿನಲ್ಲೂ ಮೆಗ್ನೀಸಿಯಂ ಧಾರಾಳವಾಗಿದೆ. ಆದರೂ ಹೊರಗೋಡೆಯ ಕೆಳಸಾಲಿನ ಆನೆಗಳು 12ನೇ ಶತಮಾನದಿಂದ ಮಳೆಗಾಳಿಗೆ ನಿಂತು ಇನ್ನೂ ಸೊಂಡಿಲು ಉಳಿಸಿಕೊಂಡಿವೆ. ಆ ಕಲ್ಲು ಉಳಿಗೆ ಮೆದು, ನೀರಿಗೆ ಗಟ್ಟಿ. ಇಂಗ್ಲಿಷಿನವರು ಅದನ್ನು ಸೋಪ್‌ಸ್ಟೋನ್ ಎಂದು ಕರೆದದ್ದು ಮುಟ್ಟಿದರೆ ಸೋಪಿನಂತೆ ಜಾರುತ್ತದೆಂಬ ಕಾರಣಕ್ಕೆ. ನೊರೆಗೂ ಅದಕ್ಕೂ ಸಂಬಂಧವಿಲ್ಲ.

ಹೀಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾಗಿ ಕರಗಿರುವ ನೀರೇ ಗಡಸು ನೀರು. ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಗೋಂದಿಗೆ ಕ್ಯಾಲ್ಸಿಯಂ ಸಿಕ್ಕಿದರೆ ಅದು ಇನ್ನಷ್ಟು ಬಿಗಿಯುತ್ತದೆ, ಬೇಳೆ ಕರಗುವುದಿಲ್ಲ. ಅಜ್ಜಿಯರ ಬೇಳೆ ಪರೀಕ್ಷೆ ರಸಾಯನಶಾಸ್ತ್ರದ ಪರೀಕ್ಷೆಯೇ ಹೌದು, ಉತ್ತರ ಬರುವುದು ಮಾತ್ರ ಕುಕ್ಕರಿನ ನಾಲ್ಕನೇ ಸೀಟಿಯ ಮೇಲೆ. ಅಳತೆ ಬೇಕೆನ್ನುವವರಿಗೆ ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ, ಐಎಸ್ 10500, ಇದೆ. ಅದರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನದವರೆಗೆ ಸಲ್ಲುತ್ತದೆ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು. ಇದು ಕುಡಿಯುವವರ ಲೆಕ್ಕ. 600ರ ನೀರನ್ನು ಮನುಷ್ಯ ಕುಡಿದು ಅರಗಿಸಿಕೊಂಡಾನು, ಹೀಟರಿನಿಂದ ಆಗದು.

ಬಿಸಿಗೆ ಹೆದರುವ ಸುಣ್ಣ

ಸಕ್ಕರೆ ತಣ್ಣೀರಿಗಿಂತ ಬಿಸಿನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಉಪ್ಪೂ ಕರಗುತ್ತದೆ. ಆದ್ದರಿಂದ ಬಿಸಿ ಮಾಡಿದರೆ ಎಲ್ಲವೂ ಇನ್ನಷ್ಟು ಕರಗಬೇಕೆಂದು ನಮ್ಮ ಅಂದಾಜು. ಸುಣ್ಣದ ವಿಷಯದಲ್ಲಿ ಈ ಅಂದಾಜು ತಲೆಕೆಳಗಾಗುತ್ತದೆ, ಮತ್ತು ಇಡೀ ಕಥೆಯ ಕೀಲಿ ಇರುವುದು ಇಲ್ಲಿಯೇ.

ನೆಲದೊಳಗೆ ಸುಣ್ಣ ಕರಗಿದ್ದು ಇಂಗಾಲದ ಡೈಆಕ್ಸೈಡಿನ ಹುಳಿಯ ಬಲದಿಂದ. ಆ ಅನಿಲ ನೀರಿನಲ್ಲಿ ಇರುವಷ್ಟು ಕಾಲ ಸುಣ್ಣವೂ ಕಣ್ಣಿಗೆ ಕಾಣದೆ ಕರಗಿರುತ್ತದೆ. ನೀರನ್ನು ಕಾಯಿಸಿದರೆ, ಬಿಸಿಲಲ್ಲಿಟ್ಟ ಸೋಡಾ ಬಾಟಲಿಯಂತೆ, ಅನಿಲ ಹಾರಿಹೋಗುತ್ತದೆ. ಹೊತ್ತವನು ಇಳಿಸಿ ಹೋದ ಮೇಲೆ ಹೊರೆಯ ಗತಿಯೇನು? ಸುಣ್ಣ ಮತ್ತೆ ಕಲ್ಲಾಗಿ ಹೊರಗೆ ಬೀಳುತ್ತದೆ. ಎಲ್ಲಿ ಬಿಸಿ ಹೆಚ್ಚೋ ಅಲ್ಲಿಯೇ ಬೀಳುತ್ತದೆ, ಅಂದರೆ ಹೀಟರಿನ ಮೈಮೇಲೆ. ಬಂಡೆಯೊಳಗೆ ವರ್ಷಗಟ್ಟಲೆ ನಡೆದ ಕೆಲಸ ಮೆಷಿನ್ನಿನೊಳಗೆ ಅರ್ಧ ಗಂಟೆಯಲ್ಲಿ ಹಿಂದಕ್ಕೆ ನಡೆಯುತ್ತದೆ.

ಮೆಷಿನ್ನಿನ ಗುಂಡಿಯನ್ನು 40 ಡಿಗ್ರಿಗೆ ತಿರುಗಿಸಿದ್ದೇವೆ, ಹಾಗಾಗಿ ಭಯವಿಲ್ಲ ಎಂದುಕೊಳ್ಳುವಂತಿಲ್ಲ. 40 ಡಿಗ್ರಿ ಎನ್ನುವುದು ತೊಟ್ಟಿಯ ನೀರಿನ ಬಿಸಿ. ಆ ನೀರನ್ನು ಕಾಯಿಸುತ್ತಿರುವ, ಸುಮಾರು 2000 ವಾಟಿನ ಕಡ್ಡಿಯ ಮೈ ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ. ಹಕ್ಕಳೆ ಕೂರುವುದು ಆ ಮೈಗೆ ತಾಗಿದ ತೆಳು ನೀರಿನ ಪದರದಿಂದ. ಒಮ್ಮೆ ಕೂತ ಹಕ್ಕಳೆ ಕಂಬಳಿಯಂತೆ ಕೆಲಸ ಮಾಡುತ್ತದೆ. ಒಳಗಿನ ಶಾಖ ನೀರಿಗೆ ಸರಾಗವಾಗಿ ದಾಟುವುದಿಲ್ಲ, ಕಡ್ಡಿ ಇನ್ನೂ ಕಾಯುತ್ತದೆ. ನೀರು ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಕರೆಂಟು ಬಿಲ್ಲು ಏರುತ್ತದೆ, ಕೊನೆಗೊಂದು ದಿನ ಕಡ್ಡಿಯೊಳಗಿನ ತಂತಿ ಸುಟ್ಟುಹೋಗುತ್ತದೆ. ಉಗಿಬಂಡಿಗಳ ಕಾಲದಲ್ಲಿ ರೈಲ್ವೆಯವರು ಬಾಯ್ಲರುಗಳನ್ನು ಗೊತ್ತಾದ ಅವಧಿಗೊಮ್ಮೆ ಆರಿಸಿ, ಒಳಗೆ ತೊಳೆದು ಹಕ್ಕಳೆ ಕಳೆಯುತ್ತಿದ್ದದ್ದು ಇದೇ ಕಾರಣಕ್ಕೆ.

ಒಂದು ಲೆಕ್ಕ ನೋಡಬಹುದು. ಮುಂಬಾಗಿಲ ಮೆಷಿನ್ ಒಂದು ಒಗೆತಕ್ಕೆ ಎಲ್ಲ ಸೇರಿ 50 ಲೀಟರ್ ನೀರು ಕುಡಿಯುತ್ತದೆ ಎನ್ನೋಣ. ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಆದರೆ ಪ್ರತಿ ಒಗೆತಕ್ಕೆ 20 ಗ್ರಾಂ ಸುಣ್ಣ ಒಳಗೆ ಹೋಗುತ್ತದೆ. ವರ್ಷಕ್ಕೆ 200 ಒಗೆತವಾದರೆ 4 ಕಿಲೋ. ಅದರಲ್ಲಿ ಬಹುಪಾಲು ಮೋರಿಗೆ ಹರಿದು ಹೋಗುತ್ತದೆ. ನೂರರಲ್ಲಿ ಒಂದು ಪಾಲು ಉಳಿದರೂ 40 ಗ್ರಾಂ ಹಕ್ಕಳೆ.

ಒಡೆದ ಹಾಲಿನಂತೆ ಒಡೆದ ಸೋಪು

ಸೋಪಿನ ಪ್ರತಿಯೊಂದು ಕಣಕ್ಕೂ ಎರಡು ತುದಿ. ಒಂದು ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ನೀರು ಹಿಡಿಯುವ ತುದಿಗೆ ಕ್ಯಾಲ್ಸಿಯಂ ಸಿಕ್ಕಿದರೆ ಸೋಪು ನೀರನ್ನು ಬಿಟ್ಟು ಅದಕ್ಕೇ ಅಂಟಿಕೊಳ್ಳುತ್ತದೆ. ನಿಂಬೆರಸ ಬಿದ್ದ ಹಾಲಿನಂತೆ ಒಡೆದು, ಬೂದುಬಣ್ಣದ ಗಸಿಯಾಗಿ ಬಕೆಟ್ಟಿನ ಅಂಚಿಗೆ ಮೆತ್ತಿಕೊಳ್ಳುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಎಲ್ಲ ಹೀಗೆ ತೀರುವ ತನಕ ನೊರೆ ಏಳುವುದಿಲ್ಲ. ಮೊದಲ ಒಂದಿಷ್ಟು ಸೋಪು ನೀರಿನ ಸಾಲ ತೀರಿಸಲೆಂದೇ ಖರ್ಚಾಗುತ್ತದೆ. ಬಿಳಿ ಪಂಚೆ ವರ್ಷದೊಳಗೆ ಮಾಸಲು ಬಣ್ಣಕ್ಕೆ ತಿರುಗುವುದೂ ಟವೆಲ್ ಬಿರುಸಾಗುವುದೂ ಈ ಗಸಿ ಮತ್ತು ಸುಣ್ಣ ನೂಲಿನೆಳೆಗಳ ನಡುವೆ ಕೂತದ್ದರಿಂದ.

ಇದಕ್ಕೆ ಹಳಬರ ಬಳಿ ಉಪಾಯವಿತ್ತು. ಬಯಲುಸೀಮೆಯ ಮಡಿವಾಳರು ಬಟ್ಟೆಗೆ ಚೌಳು ಮಣ್ಣನ್ನು ಬೆರೆಸಿ, ಉಬ್ಬೆಗೆ ಹಾಕಿ ಬೇಯಿಸಿ, ಆಮೇಲೆ ಕೆರೆಯಲ್ಲೋ ಹಳ್ಳದಲ್ಲೋ ಕಲ್ಲಿಗೆ ಬಡಿಯುತ್ತಿದ್ದರು. ಚೌಳಿನಲ್ಲಿರುವುದು ಮುಖ್ಯವಾಗಿ ಬಟ್ಟೆ ಸೋಡಾ. ಅದು ಕ್ಯಾಲ್ಸಿಯಂ ಅನ್ನು ಮೊದಲೇ ಹಿಡಿದು ಸುಣ್ಣವಾಗಿ ಕೆಳಗಿಳಿಸಿ, ಜಿಡ್ಡನ್ನೂ ಸಡಿಲಿಸುತ್ತದೆ. ಅಂಟುವಾಳ, ಸೀಗೆಕಾಯಿಗಳ ನೊರೆಯ ಪದಾರ್ಥ ಬೇರೆ ಜಾತಿಯದು, ಕ್ಯಾಲ್ಸಿಯಂ ಕಂಡರೆ ಒಡೆಯುವುದೇ ಇಲ್ಲ. ರೇಷ್ಮೆ ಸೀರೆಗೆ ಅಂಟುವಾಳವೇ ಸರಿ ಎಂಬ ಮಾತಿನಲ್ಲಿ ಹುರುಳಿದೆ. ಕೆರೆಯ ನೀರು ಮಳೆ ಹರಿದು ನಿಂತದ್ದಾದ್ದರಿಂದ ಬೋರ್‌ವೆಲ್ ನೀರಿಗಿಂತ ಸಾಮಾನ್ಯವಾಗಿ ಮೆದು ಎನ್ನುವುದೂ ಮಡಿವಾಳರ ಲೆಕ್ಕದಲ್ಲಿ ಸೇರಿತ್ತು. ಅರಸಿ ಕಟ್ಟಿಸಿದ ಕೆರೆಯಿಂದ ಹೆಸರು ಪಡೆದ ಅರಸೀಕೆರೆ, ದ್ವಾರಸಮುದ್ರವೆಂಬ ಕೆರೆಯ ದಂಡೆಯ ಹಳೇಬೀಡು, ಎರಡೂ ಮೂಲದಲ್ಲಿ ಮೆದು ನೀರಿನ ಊರುಗಳೇ. ಗಡಸು ನೀರು ನಲ್ಲಿಗೆ ಬಂದದ್ದು ಕೊಳವೆಬಾವಿ ಬಂದ ಮೇಲೆ.

ಈಗಿನ ಡಿಟರ್ಜೆಂಟ್ ಪುಡಿ ಸೋಪಿನಷ್ಟು ಸುಲಭವಾಗಿ ಒಡೆಯುವುದಿಲ್ಲ. ಅದರೊಳಗೆ ಗಡಸುತನ ಹಿಡಿಯಲೆಂದೇ ಕೆಲವು ಪದಾರ್ಥ ಬೆರೆಸಿರುತ್ತಾರೆ. ಅಗ್ಗದ ಪುಡಿಗಳಲ್ಲಿ ಬಟ್ಟೆ ಸೋಡಾ ಹೆಚ್ಚು. ಅದು ಚೌಳಿನಂತೆಯೇ ಕ್ಯಾಲ್ಸಿಯಂ ಅನ್ನು ಸುಣ್ಣವಾಗಿ ಕೆಡವುತ್ತದೆ. ಮಡಿವಾಳರಿಗೆ ಅದರಿಂದ ತೊಂದರೆಯಿರಲಿಲ್ಲ, ಕೆಡವಿದ್ದನ್ನು ಕೆರೆಯ ಧಾರಾಳ ನೀರು ತೊಳೆದೊಯ್ಯುತ್ತಿತ್ತು. ಮೆಷಿನ್ನಿನಲ್ಲಿ ಅದು ಬಟ್ಟೆಗೂ ತೊಟ್ಟಿಗೂ ಮೆತ್ತಿಕೊಳ್ಳುತ್ತದೆ. ಒಳ್ಳೆಯ ಪುಡಿಗಳಲ್ಲಿರುವ ಜಿಯೋಲೈಟ್‌ನಂಥವು ಕ್ಯಾಲ್ಸಿಯಂ ಅನ್ನು ತಮ್ಮೊಳಗೇ ಬಂಧಿಸಿ ಹೊರಗೆ ಸಾಗಿಸುತ್ತವೆ. ಗಡಸು ನೀರಿನವರು ದುಡ್ಡು ಉಳಿಸಬಾರದ ಜಾಗವೊಂದಿದ್ದರೆ ಇದೇ.

ಅಗಸರ ಕಲ್ಲು, ಉಕ್ಕಿನ ರೂಪದಲ್ಲಿ

ಇಷ್ಟು ಕಿರಿಕಿರಿಯಿದ್ದರೂ ಜನ ಮುಂಬಾಗಿಲ ಮೆಷಿನ್ ಕೊಳ್ಳುವುದೇಕೆ? ನೀರಿಗಾಗಿ. ಮೇಲ್ಬಾಗಿಲ ಮೆಷಿನ್ ಬಟ್ಟೆಯನ್ನು ಮುಳುಗಿಸಿ ಕಲಕುತ್ತದೆ, ಮುಳುಗಿಸಲು ತೊಟ್ಟಿ ತುಂಬ ನೀರು ಬೇಕು. ಮುಂಬಾಗಿಲಿನದು ಮುಳುಗಿಸುವುದಿಲ್ಲ, ಮಡಿವಾಳರಂತೆ ಎತ್ತಿ ಬಡಿಯುತ್ತದೆ. ಡ್ರಮ್ಮಿನ ಒಳಗೋಡೆಯ ಮೂರು ದಿಂಡುಗಳು ತೊಯ್ದ ಬಟ್ಟೆಯನ್ನು ಮೇಲಕ್ಕೆ ಕೊಂಡೊಯ್ದು ಕೈಬಿಡುತ್ತವೆ, ಬಟ್ಟೆ ತನ್ನ ಭಾರಕ್ಕೆ ದೊಪ್ಪನೆ ಬೀಳುತ್ತದೆ. ಬಡಿಯುವ ಕೆಲಸವನ್ನು ಭೂಮಿಯ ಸೆಳೆತವೇ ಮಾಡಿಕೊಡುತ್ತದೆ.

ಈ ಬೀಳುವಿಕೆ ನಡೆಯಬೇಕಾದರೆ ಡ್ರಮ್ಮು ನಿಧಾನವಾಗಿ, ನಿಮಿಷಕ್ಕೆ ಸುಮಾರು 50 ಸುತ್ತು ತಿರುಗಬೇಕು. 60 ದಾಟಿತೆಂದರೆ ಬಟ್ಟೆ ಗೋಡೆಗೆ ಅಂಟಿಕೊಂಡು ಡ್ರಮ್ಮಿನ ಜೊತೆಗೇ ಸುತ್ತುತ್ತದೆ, ಬೀಳುವುದೇ ಇಲ್ಲ. ಜಾತ್ರೆಯ ಮರಣಬಾವಿಯಲ್ಲಿ ಮೋಟಾರ್ ಸೈಕಲ್ ಗೋಡೆಗೆ ಕಚ್ಚಿಕೊಂಡು ಓಡುವ ಹಾಗೆ. ಹಿಂಡುವಾಗ ಬೇಕಾದದ್ದು ಅದೇ ಅಂಟುವಿಕೆ. ನಿಮಿಷಕ್ಕೆ 1200 ಸುತ್ತಿನಲ್ಲಿ ಬಟ್ಟೆಯ ಮೇಲೆ ಭೂಮಿಯ ಸೆಳೆತದ 300 ಪಟ್ಟಿಗೂ ಮೀರಿದ ಒತ್ತಡ ಬಿದ್ದು, ನೀರು ಡ್ರಮ್ಮಿನ ತೂತುಗಳಿಂದ ಹೊರಕ್ಕೆ ಚಿಮ್ಮುತ್ತದೆ. ಆಗಿನ ಕುಲುಕಾಟವನ್ನು ತಡೆಯಲೆಂದೇ ಒಳಗೆ ಕಾಂಕ್ರೀಟಿನ ತುಂಡು ಕೂರಿಸಿರುತ್ತಾರೆ. ಮೆಷಿನ್ ಹೊರಲು ಇಬ್ಬರು ಬೇಕಾಗುವುದು ಅದರಿಂದಲೇ. ಲಾರಿಯಲ್ಲಿ ಬರುವಾಗ ಡ್ರಮ್ಮು ಅಲುಗದಂತೆ ಹಿಂದೆ ಬಿಗಿದಿರುವ ಬೋಲ್ಟುಗಳನ್ನು ಮೊದಲ ದಿನವೇ ಬಿಚ್ಚಬೇಕು. ಮರೆತರೆ ಮೊದಲ ಹಿಂಡುವಿಕೆಯಲ್ಲೇ ಮೆಷಿನ್ ಅಡುಗೆಮನೆಯತ್ತ ನಡೆಯತೊಡಗುತ್ತದೆ.

ಎತ್ತಿ ಬಡಿಯುವ ತತ್ವ ತಿಳಿದರೆ ಎರಡು ಮಾತು ತಾವಾಗಿ ಹೊಳೆಯುತ್ತವೆ. ಮೊದಲನೆಯದು, ಡ್ರಮ್ಮನ್ನು ಕಿಕ್ಕಿರಿದು ತುಂಬಿದರೆ ಬಟ್ಟೆಗೆ ಬೀಳಲು ಜಾಗವಿರುವುದಿಲ್ಲ. ಮೇಲೆ ಒಂದು ಗೇಣು ಖಾಲಿ ಇರಬೇಕು. ಎರಡನೆಯದು ನೊರೆಯದು. ನೊರೆ ಹೆಚ್ಚಾದಷ್ಟೂ ಕೊಳೆ ಹೋಗುತ್ತದೆ ಎಂಬ ನಂಬಿಕೆ ಬಾರ್ ಸೋಪಿನ ಕಾಲದ್ದು. ಮುಂಬಾಗಿಲ ಮೆಷಿನ್ನಿನಲ್ಲಿ ನೊರೆ ದಿಂಬಿನಂತೆ ಅಡ್ಡ ಬರುತ್ತದೆ. ಕಲ್ಲಿನ ಮೇಲೆ ಹಾಸಿಗೆ ಹಾಸಿ ಬಟ್ಟೆ ಬಡಿದರೆ ಕೊಳೆ ಬಿಟ್ಟೀತೆ? ಕೈಯಲ್ಲಿ ಒಗೆಯುವ ಪುಡಿಯನ್ನು ಇದರಲ್ಲಿ ಹಾಕಬಾರದು, ಕಡಿಮೆ ನೊರೆಯ ಪುಡಿಯನ್ನೇ ಹಾಕಬೇಕು ಎನ್ನುವುದರ ಹಿಂದಿನ ಕಾರಣ ಇಷ್ಟೇ.

ಆದರೆ ಕಡಿಮೆ ನೀರಿನ ಗುಣವೇ ಗಡಸು ನೀರಿನ ಊರಿನಲ್ಲಿ ದೋಷವೂ ಆಗುತ್ತದೆ. ಅಲಸಲು ಸಿಗುವುದು ಕೆಲವೇ ಲೀಟರ್. ಪುಡಿಯ ಶೇಷ, ಸುಣ್ಣ, ಮೈಯೆಣ್ಣೆ ಪೂರ್ತಿ ಹೋಗದೆ ತೊಟ್ಟಿಯ ಹೊರಮೈಗೆ, ಡ್ರಮ್ಮನ್ನು ಹಿಂದಿನಿಂದ ಹೊತ್ತ ಅಲ್ಯೂಮಿನಿಯಂ ಮುಕ್ಕಾಲಿಗೆ, ಬಾಗಿಲ ರಬ್ಬರಿನ ಮಡಿಕೆಗೆ ಅಂಟುತ್ತವೆ. ಗಡಸು ನೀರಿನಲ್ಲಿ ‘ಇನ್ನೊಮ್ಮೆ ಅಲಸು’ ಎಂಬ ಗುಂಡಿ ಅಲಂಕಾರಕ್ಕಿಟ್ಟದ್ದಲ್ಲ.

ಮಾಡಬೇಕಾದ ಕೆಲಸ

ಮೊದಲು ನೀರನ್ನು ತಿಳಿಯಬೇಕು. ಊರಿನ ಹೆಸರು ಹೇಳಿ ಗಡಸುತನ ಹೇಳಲಾಗದು. ಒಂದೇ ಬೀದಿಯ ಎರಡು ಬೋರ್‌ವೆಲ್ಲುಗಳ ನೀರು ಬೇರೆಯಿರಬಹುದು. ನಲ್ಲಿ ನೀರು ಬರದ ದಿನ ಅದೇ ಸಂಪಿಗೆ ಟ್ಯಾಂಕರ್ ನೀರು ಬಿದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಮನೆಯ ಪರೀಕ್ಷೆ ಸುಲಭ. ಒಂದು ಬಾಟಲಿಯಲ್ಲಿ ಹಿಡಿದಿಟ್ಟ ಮಳೆನೀರು, ಇನ್ನೊಂದರಲ್ಲಿ ನಲ್ಲಿ ನೀರು, ಎರಡಕ್ಕೂ ಒಂದೇ ಅಳತೆಯ ಬಾರ್ ಸೋಪಿನ ತುರಿ ಹಾಕಿ ಕುಲುಕಬೇಕು. ಒಂದರಲ್ಲಿ ನೊರೆ ನಿಂತು, ಇನ್ನೊಂದರಲ್ಲಿ ಬಿಳಿ ಗಸಿ ತೇಲಿದರೆ ಸಂಗತಿ ಸ್ಪಷ್ಟ. ಅಂಕಿಯೇ ಬೇಕಾದರೆ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಒಂದು ಬಾಟಲಿ ಕೊಟ್ಟರೆ ತಿಳಿಯುತ್ತದೆ.

ಗಡಸು ನೀರಿನ ಮನೆಯಲ್ಲಿ ದಿನದ ಬಟ್ಟೆಗೆ ಹೀಟರ್ ಹಚ್ಚದಿರುವುದೇ ಲೇಸು. ನಮ್ಮ ಕಡೆಯ ತಣ್ಣೀರು ಯುರೋಪಿನ ಚಳಿಗಾಲದ ತಣ್ಣೀರಲ್ಲ. ಚಾವಣಿಯ ಟ್ಯಾಂಕಿನಲ್ಲಿ ಬಿಸಿಲು ಕಾಯಿಸಿದ ನೀರು ಅಂಗಿ, ಸೀರೆಗಳಿಗೆ ಸಾಕು. ಹೀಟರ್ ಆರಿದ್ದರೆ ಅದರ ಮೇಲೆ ಹಕ್ಕಳೆ ಬಹುಮಟ್ಟಿಗೆ ಕೂರುವುದಿಲ್ಲ. ಆದರೆ ಸದಾ ತಣ್ಣೀರಾದರೆ ಇನ್ನೊಂದು ಕಾಟ. ಮೈಯೆಣ್ಣೆ, ಪುಡಿಯ ಶೇಷ, ಪರಿಮಳಕ್ಕೆ ಹಾಕುವ ಮೆದುಕಾರಕದ ಜಿಡ್ಡು, ಇವನ್ನು ತಿಂದು ಬ್ಯಾಕ್ಟೀರಿಯಾ ಮತ್ತು ಬೂಷ್ಟು ಒಂದು ಲೋಳೆ ಪದರ ಕಟ್ಟುತ್ತವೆ. ಒಗೆದ ಬಟ್ಟೆಗೇ ಮುಗ್ಗಲು ವಾಸನೆ ಬರತೊಡಗಿದರೆ ತಪ್ಪು ಪುಡಿಯದಲ್ಲ, ಈ ಲೋಳೆಯದು. ಒಗೆತ ಮುಗಿದ ಮೇಲೆ ಬಾಗಿಲನ್ನೂ ಪುಡಿಯ ಡಬ್ಬಿಯನ್ನೂ ತೆರೆದಿಡುವುದು, ರಬ್ಬರಿನ ಮಡಿಕೆಯನ್ನು ಒಣಬಟ್ಟೆಯಿಂದ ಒರೆಸುವುದು ಅರ್ಧ ನಿಮಿಷದ ಕೆಲಸ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ತೆರೆದ ಬಾಗಿಲಿನ ಮೇಲೆ ಒಂದು ಕಣ್ಣಿರಬೇಕು. ತಿಂಗಳಿಗೊಮ್ಮೆ ಖಾಲಿ ಮೆಷಿನ್ನನ್ನು 60 ಡಿಗ್ರಿ ಅಥವಾ ಅದಕ್ಕೂ ಮೇಲೆ ಓಡಿಸಿದರೆ ಲೋಳೆ ಬಿಡುತ್ತದೆ.

ಬಿಸಿ ಓಟದಿಂದ ಲೋಳೆ ಹೋಗುತ್ತದೆ, ಹಕ್ಕಳೆ ಬರುತ್ತದೆ. ಈ ಎರಡು ಅಲುಗಿನ ಕತ್ತಿಗೆ ಒರೆ ಹುಳಿ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ಉಜ್ಜುವ ಕೈಗಳಿಗೆ ಹುಳಿಯ ಶಕ್ತಿ ಗೊತ್ತು. ಹುಳಿ ತಾಕಿದ ಸುಣ್ಣ ಗುಳ್ಳೆ ಬಿಟ್ಟು ಕರಗುತ್ತದೆ. ಆ ಗುಳ್ಳೆ ನೆಲದೊಳಗೆ ಅದನ್ನು ಕರಗಿಸಿದ್ದ ಅದೇ ಅನಿಲ. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲ ಇದಕ್ಕೆ ತಕ್ಕದ್ದು. ಖಾಲಿ ಡ್ರಮ್ಮಿಗೆ ಸುಮಾರು 100 ಗ್ರಾಂ ಹಾಕಿ 60 ಡಿಗ್ರಿಯಲ್ಲಿ ಓಡಿಸಿ, ಮತ್ತೊಮ್ಮೆ ಬರೀ ನೀರಿನಲ್ಲಿ ಅಲಸಿದರೆ ಸಾಕು. ಎರಡು ಮೂರು ತಿಂಗಳಿಗೊಮ್ಮೆ ಇದು ಸರಿ, ವಾರಕ್ಕೊಮ್ಮೆ ಬೇಡ. ಅತಿಯಾದ ಹುಳಿ ಅಲ್ಯೂಮಿನಿಯಂ ಮುಕ್ಕಾಲಿಯನ್ನೂ ರಬ್ಬರನ್ನೂ ತಿನ್ನುತ್ತದೆ. ಕಂಪನಿಯ ಕೈಪಿಡಿ ಬೇರೆ ಹೇಳಿದ್ದರೆ ಅದನ್ನೇ ನಡೆಸಬೇಕು. ಬ್ಲೀಚಿನ ಜೊತೆ ಹುಳಿಯನ್ನು ಎಂದೂ ಬೆರೆಸಕೂಡದು. ಅದರಿಂದ ಏಳುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲುಮನೆಯಲ್ಲಿ ಪ್ರಾಣಕ್ಕೇ ಅಪಾಯ.

ಗಡಸುತನ ಬಹಳ ಹೆಚ್ಚಿದ್ದರೆ ನೀರನ್ನು ಮೆಷಿನ್ನಿಗೆ ಹೋಗುವ ಮೊದಲೇ ಮೆದು ಮಾಡಬೇಕಾಗುತ್ತದೆ. ರಾಳದ ಮಣಿಗಳಿರುವ ಸಾಫ್ಟನರ್ ಕೆಲಸ ಮಾಡುವುದು ಅರಸೀಕೆರೆ ಜಂಕ್ಷನ್ನಿನಂತೆ: ಮಣಿಯ ಸೀಟಿನಲ್ಲಿ ಕೂತ ಸೋಡಿಯಂ ಇಳಿಯುತ್ತದೆ, ನೀರಿನಲ್ಲಿ ಬಂದ ಕ್ಯಾಲ್ಸಿಯಂ ಹತ್ತಿ ಕೂರುತ್ತದೆ. ಸೀಟೆಲ್ಲ ತುಂಬಿದಾಗ ಉಪ್ಪುನೀರು ಹಾಯಿಸಿದರೆ ಕ್ಯಾಲ್ಸಿಯಂ ಇಳಿದು ಮೋರಿಗೆ ಹೋಗಿ, ಸೋಡಿಯಂ ಮತ್ತೆ ಸೀಟು ಹಿಡಿಯುತ್ತದೆ. ಉಪ್ಪು ಹಾಯಿಸಲು ಮರೆತ ಸಾಫ್ಟನರ್ ಬರೀ ಡಬ್ಬಿ. ನಲ್ಲಿಗೆ ಸಿಕ್ಕಿಸುವ ಪುಟ್ಟ ಫಾಸ್ಫೇಟ್ ಡಬ್ಬಿಗಳು ಕ್ಯಾಲ್ಸಿಯಂ ಅನ್ನು ತೆಗೆಯುವುದಿಲ್ಲ, ಕಲ್ಲಾಗದಂತೆ ಅಡ್ಡಿಪಡಿಸುತ್ತವೆ ಅಷ್ಟೆ. ಹೀಟರಿಗೆ ಒಂದಿಷ್ಟು ನೆರವಾದರೂ ಟವೆಲ್ಲಿಗೆ ಪ್ರಯೋಜನ ಕಡಿಮೆ. ಪೈಪಿಗೆ ಅಯಸ್ಕಾಂತ ಕಟ್ಟುವ ಉಪಕರಣಗಳಿಗೆ ದುಡ್ಡು ಕೊಡಬೇಕಾಗಿಲ್ಲ.

ಬೋರ್‌ವೆಲ್ ನೀರಿನೊಂದಿಗೆ ಬರುವ ಮರಳು ಮೆಷಿನ್ನಿನ ಹಿಂದೆ, ನೀರಿನ ಪೈಪು ಸೇರುವಲ್ಲಿರುವ ಪುಟ್ಟ ಜಾಲರಿಯಲ್ಲಿ ಕಟ್ಟಿಕೊಳ್ಳುತ್ತದೆ. ‘ನೀರು ಬರುತ್ತಿಲ್ಲ’ ಎಂದು ಮೆಷಿನ್ ನಿಂತಾಗ ಮೊದಲು ನೋಡಬೇಕಾದ್ದು ಅದನ್ನು. ಎರಡನೆಯದು ಟ್ಯಾಂಕಿನ ಎತ್ತರ. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಹೆಚ್ಚುಕಡಿಮೆ 1 ಬಾರ್. ಅನೇಕ ಮೆಷಿನ್ನುಗಳು ಕನಿಷ್ಠ 0.3ರಿಂದ 0.5 ಬಾರ್ ಕೇಳುತ್ತವೆ, ಅಂದರೆ ಮೂರರಿಂದ ಐದು ಮೀಟರ್. ಒಂದೇ ಅಂತಸ್ತಿನ ಮನೆಯ ಚಾವಣಿಯ ಮೇಲೆ ಟ್ಯಾಂಕನ್ನು ನೇರ ಕೂರಿಸಿದ್ದರೆ ಈ ಲೆಕ್ಕ ತೀರಾ ಅಂಚಿನಲ್ಲಿರುತ್ತದೆ, ಜಾಲರಿಯಲ್ಲಿ ಚಿಟಿಕೆ ಮರಳು ಕೂತರೂ ಸಾಲುವುದಿಲ್ಲ. ಮುಂದೆ ಕೆಳಗಿನ ಪುಟ್ಟ ಬಾಗಿಲೊಳಗೆ ಪಂಪಿನ ಫಿಲ್ಟರ್ ಇದೆ. ನಾಣ್ಯ, ಪಿನ್ನು, ಗುಂಡಿಗಳ ಖಜಾನೆ ಅದು, ತಿಂಗಳಿಗೊಮ್ಮೆ ತೆರೆದರೆ ಕ್ಷೇಮ.

ಹೊರಗೆ ಹೋದ ನೀರು

ತೆಂಗಿನ ಸೀಮೆಯಲ್ಲಿ ಮೆಷಿನ್ನಿನ ನೀರನ್ನು ಮೋರಿಗೆ ಬಿಡಲು ಮನಸ್ಸಾಗುವುದಿಲ್ಲ. ಪೈಪನ್ನು ಹಿತ್ತಲ ತೆಂಗಿನ ಬುಡಕ್ಕೆ ತಿರುಗಿಸುವವರೇ ಹೆಚ್ಚು. ಇಲ್ಲಿಯೂ ಚೌಳಿನ ಕಥೆಯೇ. ಒಗೆತದ ಮೊದಲ ನೀರಿನಲ್ಲಿ ಪುಡಿಯ ಸೋಡಿಯಂ ತುಂಬಿರುತ್ತದೆ. ದಿನಾ ಒಂದೇ ಬುಡಕ್ಕೆ ಬಿದ್ದರೆ ಅದು ಮಣ್ಣಿನ ಕಣಗಳಿಂದ ಕ್ಯಾಲ್ಸಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ, ಸಾಫ್ಟನರಿನಲ್ಲಿ ನಡೆದದ್ದು ಇಲ್ಲಿ ತಿರುಗುಮುರುಗಾಗಿ ನಡೆಯುತ್ತದೆ. ಕ್ಯಾಲ್ಸಿಯಂ ಕಳೆದುಕೊಂಡ ಮಣ್ಣು ಹರಳು ಹರಳಾಗಿ ನಿಲ್ಲದೆ ಮೆತ್ತಿಕೊಂಡು, ನೀರು ಇಂಗದ ಚೌಳಾಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಈ ಒಂದು ಕಡೆ ಉಪಕಾರಿ; ಅಲಸಿದ ನೀರಿನಲ್ಲಿ ಪುಡಿ ಕಡಿಮೆ, ಕ್ಯಾಲ್ಸಿಯಂ ಹಾಗೆಯೇ ಉಳಿದಿರುತ್ತದೆ. ಸಾಫ್ಟನರ್ ಇಟ್ಟುಕೊಂಡವರ ಉಪ್ಪುನೀರು ಮಾತ್ರ ಯಾವ ಗಿಡದ ಬುಡಕ್ಕೂ ಹೋಗಬಾರದು.

ಮೆಷಿನ್ ಮೊದಲ ಬಾರಿ ನೀರು ಹೊರಹಾಕುವುದು ಒಗೆತ ಮುಗಿದು ಅಲಸುವಿಕೆ ಶುರುವಾಗುವ ಮುನ್ನ. ಆ ನೀರು ಮೋರಿಗೆ ಹೋಗಲಿ. ಅನಂತರ ಬರುವ ಎರಡು ಮೂರು ಬಾರಿಯ ನೀರನ್ನು, ಒಂದೇ ಮರಕ್ಕೆ ದಿನಾ ಬೀಳದಂತೆ ಪೈಪು ಬದಲಿಸುತ್ತ, ತೆಂಗಿಗೆ ಬಿಡಬಹುದು.